ಎ ಪ್ಲಸ್ಸಿಗೊಂದು ಆಯೇರಿ

ನಮ್ಮ ಅಕ್ಕ ಇರುವ ಊರಿನಲ್ಲಿ ಯಾರೂ ತಮ್ಮ ಕೆಲಸವನ್ನು ಅಗತ್ಯಕ್ಕಿಂತ ಚೆನ್ನಾಗಿ ಮಾಡಬಾರದು. ಮಾಡಿದರೆ ಅಪಾಯ! ನೀವು ಎಲ್ಲಿ ನಿಂತಿದ್ದೀರೋ ಅಲ್ಲಿಗೇ ಅವಳು ಬಂದು, ನಾಲ್ಕು ಜನರೆದುರು ಹಣೆಗೆ ಕುಂಕುಮವಿಟ್ಟು, ಬಟ್ಟೆ ಉಡಿಸಿಯೇ ತೀರುತ್ತಾಳೆ.

ನಮ್ಮ ಕಡೆ ಇದಕ್ಕೆ ಆಯೇರಿ ಎನ್ನುತ್ತಾರೆ. ಮದುವೆ, ಕುಬಸ (ಸೀಮಂತ), ಮನೆಶಾಂತಿಗಳಲ್ಲಿ ಬೀಗರಿಗೂ ಹೆಣ್ಣುಮಕ್ಕಳಿಗೂ ಸೀರೆ, ಖಣ, ಧೋತರ, ರುಮಾಲು ಕೊಟ್ಟು ಗೌರವಿಸುವ ಪದ್ಧತಿ. ಅದಕ್ಕೆ ಬರೆಯದ ಶಾಸ್ತ್ರವೊಂದಿದೆ. ಕೊಟ್ಟದ್ದನ್ನು ಬೇಡವೆನ್ನುವಂತಿಲ್ಲ, ಪಕ್ಕದ ಮನೆಯವರು ಕೊಟ್ಟಲ್ಲಿ ನಾವು ಸುಮ್ಮನೆ ಕೂಡುವಂತಿಲ್ಲ. ಸಾಮಾನ್ಯ ಜನ ಇದನ್ನು ಸಮಾರಂಭಗಳಿಗೆ ಮೀಸಲಿಡುತ್ತಾರೆ. ಅಕ್ಕ ಮಾತ್ರ ಮತದಾನದ ಹಕ್ಕಿನಂತೆ ಎಲ್ಲ ನಾಗರಿಕರಿಗೂ ವಿಸ್ತರಿಸಿದ್ದಾಳೆ. ಬನಹಟ್ಟಿಯ ಅವಳ ಮನೆಯಲ್ಲೇ ಮಗ್ಗಗಳು ದಿನವಿಡೀ ಖಟಖಟ ಎನ್ನುತ್ತಿರುವುದರಿಂದ ಸೀರೆಗೆ ಬರವಿಲ್ಲ. ಧಾರಾಳತನಕ್ಕಂತೂ ಮೊದಲೇ ಬರವಿಲ್ಲ.

ಒಮ್ಮೆ ಲೋಕಾಪುರದಲ್ಲಿ ಬಸ್ಸಿಳಿಯುವಾಗ ಕೈಚೀಲವನ್ನು ಸೀಟಿನ ಮೇಲೇ ಬಿಟ್ಟಳು. ಕಂಡಕ್ಟರ್ ಅದನ್ನು ಜೋಪಾನವಾಗಿ ಮನೆಗೆ ತಲುಪಿಸಿದ. ಪಾಪ, ಅವನಿಗೇನು ಗೊತ್ತು! ಮರುದಿನ ಅದೇ ಬಸ್ಸನ್ನು ಅಡ್ಡಗಟ್ಟಿ ಹತ್ತಿ, ಪ್ರಯಾಣಿಕರ ನಡುವೆ ಅವನನ್ನು ಕುಳ್ಳಿರಿಸಿ, ರುಮಾಲು ಸುತ್ತತೊಡಗಿದಳು. ಹೊತ್ತಾಯಿತೆಂದು ಡ್ರೈವರ್ ಹಾರ್ನ್ ಹೊಡೆದ. ಅಕ್ಕ ತಿರುಗಿಯೂ ನೋಡದೆ, "ಏ, ಅವಸರ ಮಾಡಬ್ಯಾಡಪಾ, ನಿನಗೂ ಟಾವೆಲ್ ತಂದೇನಿ!" ಎಂದಳು.

ಮುಧೋಳದ ಡಾಕ್ಟರರೊಬ್ಬರು ಅವಳ ಮಂಡಿನೋವನ್ನು ಗುಣಪಡಿಸುವ ತಪ್ಪು ಮಾಡಿದರು. ಅವರಿಗೆ ದವಾಖಾನೆಯಲ್ಲೇ ಜರಿಯ ರುಮಾಲು. ಒಳಗೆ ಬಂದ ಮುಂದಿನ ರೋಗಿ, ಡಾಕ್ಟರರ ಮನೆಯಲ್ಲಿ ಲಗ್ನವಿರಬೇಕೆಂದು ತಿಳಿದು, ಕೈಮುಗಿದು ಶುಭ ಕೋರಿ ಹಾಗೆಯೇ ಹೊರಟುಹೋದನಂತೆ. (ಈ ಕೊನೆಯ ಸಂಗತಿಗೆ ಅಕ್ಕನ ಮಾತೊಂದೇ ಆಧಾರ, ನಾನು ಹೊಣೆಯಲ್ಲ.) ಬಾಡಗಂಡಿಯ ಬಂಧುಗಳ ಕಬ್ಬಿನ ಹೊಲದಿಂದ ಹಂದಿಗಳನ್ನು ಅಟ್ಟಿದ ಮುಧೋಳ ನಾಯಿಗೂ ಅವಳು ಶಾಲು ಹೊದೆಸಲು ಹೋದದ್ದುಂಟು. ಹಂದಿಗೆ ಹೆದರದ ಆ ಪ್ರಾಣಿ ಸನ್ಮಾನಕ್ಕೆ ಹೆದರಿ ಶಾಲಿನ ಸಮೇತ ಓಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ!

ನಾನು ಕೂಡ ಬಚಾವಾಗಿಲ್ಲ. ಈ ಸೀಮೆಯ ಶಾಸನಗಳನ್ನೂ ಸಂಸ್ಥಾನಗಳ ಕಾಗದಪತ್ರಗಳನ್ನೂ ಓದುತ್ತ, ಒಂದು ತಾರೀಕನ್ನು ಮೂರು ಆಕರಗಳಲ್ಲಿ ತಾಳೆ ನೋಡದೆ ಬರೆಯಬಾರದೆಂದು ಶಿಷ್ಯರನ್ನು ಗೋಳುಹೊಯ್ದುಕೊಳ್ಳುತ್ತ ವೃತ್ತಿಜೀವನ ಕಳೆದವನು ನಾನು. ನಿವೃತ್ತನಾಗಿ ಜಮಖಂಡಿಯಲ್ಲಿ ನೆಲೆಸಿದ ಮೇಲೆ ಅಲ್ಲೊಂದು ಸಭೆಯಲ್ಲಿ ಕಾಲನಿರ್ಣಯದ ಬಗ್ಗೆ ಗಂಭೀರವಾಗಿ ಮಾತನಾಡುತ್ತಿದ್ದೆ. ಅಕ್ಕ ವೇದಿಕೆ ಹತ್ತಿ ಬಂದು, ಕನ್ನಡಕದ ಮೇಲೆಯೇ ರುಮಾಲು ಸುತ್ತಿದಳು. ಮುಂದಿನ ಮೂರು ಪುಟಗಳನ್ನು ನಾನು ನೆನಪಿನಿಂದ ಹೇಳಬೇಕಾಯಿತು. ಸಭಿಕರು ಆವರೆಗೆ ಕೊಡದಿದ್ದ ಚಪ್ಪಾಳೆಯನ್ನು ಆಗ ಕೊಟ್ಟರು.

ಇಂಥ ಅಕ್ಕನಿಗೆ ಅಕ್ಷರ ಬರುವುದಿಲ್ಲ. ನಮ್ಮ ಬಾಲ್ಯದಲ್ಲಿ ಮಗ್ಗದ ಕಂಡಿಕೆಗಳಿಗೆ ನೂಲು ಸುತ್ತಲು ಮನೆಯಲ್ಲಿ ಒಂದು ಜೊತೆ ಕೈ ಬೇಕಾಗಿತ್ತು. ಅದು ಅವಳ ಕೈಯಾಯಿತು. ನಾನು ಶಾಲೆಗೆ ಹೋದೆ. ಹೀಗಾಗಿ ಕಾಗದವೆಂಬ ವಸ್ತು ಮನೆಗೆ ಬಂದಾಗಲೆಲ್ಲ ಅವಳು ನನಗೆ ಫೋನು ಮಾಡುತ್ತಾಳೆ. ಆಹ್ವಾನಪತ್ರ, ವಿದ್ಯುತ್ ಬಿಲ್ಲು, ಔಷಧದ ಚೀಟಿ, ಎಲ್ಲಕ್ಕೂ ನಾನೇ ಅಧಿಕೃತ ವ್ಯಾಖ್ಯಾನಕಾರ. ಮನೆಯಲ್ಲಿ ಓದಬಲ್ಲ ಮಗ, ಸೊಸೆ ಇದ್ದಾರಲ್ಲ ಎಂದರೆ, "ಅವರು ಮಗ್ಗದ ಗದ್ದಲದಾಗ ಅರ್ಧಾ ಓದತಾರ. ನೀ ಪೂರಾ ಓದತಿ" ಎನ್ನುತ್ತಾಳೆ. ಈ ಪ್ರಶಂಸೆಯೇ ಮುಂದಿನ ಅನಾಹುತಕ್ಕೆ ಮೂಲವಾಯಿತು.

ಘಟನೆ ಇತ್ತೀಚಿನದು. ದಿನಾಂಕವನ್ನು ಖಚಿತವಾಗಿ ಬಲ್ಲೆನಾದರೂ ಬೇಕೆಂದೇ ಬರೆಯುತ್ತಿಲ್ಲ; ಶಾಲೆಯ ಹೆಸರನ್ನೂ ಬಿಟ್ಟಿದ್ದೇನೆ. ಅಕ್ಕನ ಮೊಮ್ಮಗ ಒಂದನೆಯ ತರಗತಿಯಲ್ಲಿದ್ದ. ಶಾಲೆಯಲ್ಲಿ ಅವನ ಹೆಸರು ಧ್ರುವ. ಅಕ್ಕ ಮಾತ್ರ ಮುತ್ತಜ್ಜನ ಹೆಸರಿನಿಂದ ಮಲ್ಲ್ಯಾ ಎಂದೇ ಕರೆಯುತ್ತಾಳೆ. ಅವನ ಪ್ರಗತಿಪತ್ರ ಬಂದಿತ್ತು. ಫೋನು ಬಂದ ಮರುದಿನವೇ ನಾನು ಹಾಜರಾದೆ.

"ಓದು" ಎಂದು ಅಕ್ಕ ಕಾರ್ಡನ್ನು ಕೈಗಿತ್ತು, ಮಗ್ಗಗಳನ್ನು ನಿಲ್ಲಿಸಲು ಮಗನಿಗೆ ಕೂಗಿ ಹೇಳಿದಳು. ಮನೆ ಸ್ತಬ್ಧವಾಯಿತು.

ನಾನು ಓದಿದೆ. ಕನ್ನಡ ಓದುವಿಕೆ: ಎ ಪ್ಲಸ್. ಗಣಿತ: ಎ ಪ್ಲಸ್. ಇಂಗ್ಲಿಷ್: ಎ ಪ್ಲಸ್. ಸ್ವಚ್ಛತೆ: ಎ ಪ್ಲಸ್. ಊಟದ ಡಬ್ಬಿಯನ್ನು ತಾನೇ ತೆರೆಯುವುದು: ಎ ಪ್ಲಸ್!

"ಎ ಪ್ಲಸ್ ಅಂದ್ರೇನು? ಪಹಿಲಾ ನಂಬರೇನು?"

"ಅದಕ್ಕಿಂತ ಮ್ಯಾಲ ಯಾವುದೂ ಇಲ್ಲಕ್ಕ."

"ಖರೆ?"

"ಖರೆ."

ಹೀಗೆ ಹೇಳುವ ಮುನ್ನ ನಾನೇನು ಸುಮ್ಮನೆ ಇರಲಿಲ್ಲ. ಕಾರ್ಡಿನ ಮೇಲಿನ ತಾರೀಕನ್ನು ಪಂಚಾಂಗದೊಡನೆ ತಾಳೆ ನೋಡಿದೆ. ಮುಖ್ಯೋಪಾಧ್ಯಾಯರ ಸಹಿ, ಮೊಹರು ಎರಡನ್ನೂ ಪರಿಶೀಲಿಸಿದೆ. ಹುಡುಗನ ಜನ್ಮದಿನಾಂಕ ಒಂದು ದಿನ ತಪ್ಪಾಗಿದ್ದುದನ್ನು ಪತ್ತೆಹಚ್ಚಿ ಬೀಗಿದೆ. ಆದರೆ ತರಗತಿಯ ಉಳಿದ ಮಕ್ಕಳಿಗೆ ಏನು ಬಂದಿದೆ ಎಂದು ಕೇಳಬೇಕೆಂಬುದು ಹೊಳೆಯಲೇ ಇಲ್ಲ! ಒಂದೇ ಆಕರವನ್ನು ನಂಬಬೇಡಿ ಎಂದು ಜನ್ಮವಿಡೀ ಉಪದೇಶಿಸಿದವನು ಒಂದೇ ಕಾರ್ಡನ್ನು ನಂಬಿದೆ.

ಅಕ್ಕನ ಕಣ್ಣು ತುಂಬಿ ಬಂತು. ನಮ್ಮ ವಂಶದಲ್ಲಿ ಪಹಿಲಾ ನಂಬರು! ಅವಳ ಲೆಕ್ಕದಲ್ಲಿ ಮೊದಲನೆಯವನು ಅಂದರೆ ಒಬ್ಬನೇ. ಊರಿಗೊಬ್ಬ ಗೌಡ, ಬಂಡಿಗೊಂದು ನೊಗ, ತರಗತಿಗೊಬ್ಬ ಮೊದಲನೆಯವನು. ಅಂಥವನನ್ನು ತಯಾರಿಸಿದ ಶಿಕ್ಷಕಿಗೆ ಆಯೇರಿ ಮಾಡದಿದ್ದರೆ ಮನೆತನದ ಮರ್ಯಾದೆ ಏನಾಗಬೇಕು?

ಆಯೇರಿ ಹೊರಟಿತು. ಮುಂದೆ ಹಲಗೆವಾದ್ಯ ಬಡಿಯುವವರು. ಹಿಂದೆ ಆರತಿ ಹಿಡಿದ ಓಣಿಯ ಮುತ್ತೈದೆಯರು. ನಡುವೆ ಇಳಕಲ್ ಸೀರೆ, ಗುಳೇದಗುಡ್ಡದ ಖಣ, ತೆಂಗಿನಕಾಯಿ, ಬಾಳೆಹಣ್ಣುಗಳ ಹರಿವಾಣ ಹೊತ್ತ ಅಕ್ಕ. ನನ್ನ ಕೈಗೆ ಛತ್ರಿ ಬಂತು. ಬಿಸಿಲಿಗಲ್ಲ, ಹರಿವಾಣಕ್ಕೆ! ಜಮಖಂಡಿಯ ಹಳೆಯ ವಿದ್ಯಾರ್ಥಿಯೊಬ್ಬ ದಾರಿಯಲ್ಲಿ ಸಿಕ್ಕು, "ಸರ್, ಮದುವಿ ಯಾರದು?" ಎಂದ. "ಒಂದನೇ ಇಯತ್ತೆಯದು" ಎಂದೆ. ಅವನು ಮುಂದೆ ಕೇಳಲಿಲ್ಲ.

ಹಲಗೆಯ ಸದ್ದಿಗೆ ಶಾಲೆಯೇ ಅಂಗಳಕ್ಕೆ ಬಂತು. ಒಂದನೆಯ ತರಗತಿಯ ಶಿಕ್ಷಕಿ ಬೀಳಗಿ ಕಡೆಯ ಹುಡುಗಿ. ಹಿನ್ನೀರಿನಲ್ಲಿ ಊರು ಮುಳುಗಿ ಬೇರೆಡೆ ನೆಲೆಸಿದ ಮನೆತನದವಳು. ರಬಕವಿಯಲ್ಲಿ ಕೋಣೆ ಹಿಡಿದುಕೊಂಡು ಒಬ್ಬಳೇ ಇದ್ದಾಳೆ, ಕೆಲಸ ಇನ್ನೂ ಕಾಯಂ ಆಗಿಲ್ಲ. ಕೈಯಲ್ಲಿ ಸೀಮೆಸುಣ್ಣ ಹಿಡಿದು ಕಕ್ಕಾಬಿಕ್ಕಿಯಾಗಿ ನಿಂತಿದ್ದವಳ ಹಣೆಗೆ ಅಕ್ಕ ಕುಂಕುಮವಿಟ್ಟು, ಚೂಡಿದಾರದ ಮೇಲೆಯೇ ಸೀರೆ ಹೊದೆಸಿ, ಉಡಿ ತುಂಬಿ ಘೋಷಿಸಿದಳು:

"ನಮ್ಮ ಮಲ್ಲ್ಯಾನ್ನ ಪಹಿಲಾ ನಂಬರ ಮಾಡಿದಿ ತಾಯಿ, ನಿನ್ನ ಹೊಟ್ಟಿ ತಣ್ಣಗಿರಲಿ!"

ಆಗ ಮೂಗು ಸೋರುತ್ತಿದ್ದ ಒಬ್ಬ ಹುಡುಗ ಮುಂದೆ ಬಂದು, "ಆಯಿ, ನಂದೂ ಎ ಪ್ಲಸ್" ಎಂದ.

"ನಂದೂ!" ಎಂದಳು ಎರಡು ಜಡೆಯವಳು.

"ನಂದೂ!" "ನಂದೂ ಆಯಿ!" "ಏ, ನಂದೂ ಲೇ!"

ಅಂಗಳ ತುಂಬ ಎ ಪ್ಲಸ್ಸುಗಳು! ಇಡೀ ತರಗತಿಯೇ ಮೊದಲನೆಯದಾಗಿತ್ತು. ಒಬ್ಬನಂತೂ, "ನಮ್ಮ ಬಾಜೂ ಕೂಡಾಂವ ಜ್ವರ ಬಂದು ಪರೀಕ್ಷಾಕ್ಕ ಬಂದೇ ಇರಲಿಲ್ರಿ. ಅವಂದೂ ಎ ಪ್ಲಸ್!" ಎಂದು ಹೆಮ್ಮೆಯಿಂದ ವರದಿ ಮಾಡಿದ.

ಹಲಗೆ ನಿಂತಿತು. ಅಕ್ಕ ನಿಧಾನವಾಗಿ ನನ್ನತ್ತ ತಿರುಗಿದಳು.

"ಓದಿದಾಂವ ಅಂತ ನಿನ್ನ ಕೇಳಿದ್ನಲ್ಲೋ!"

ಭೂಮಿ ಬಾಯಿ ಬಿಡಬಾರದೇ ಎಂದು ಕಾವ್ಯಗಳಲ್ಲಿ ಬರುತ್ತದಲ್ಲ, ಅದು ಅಲಂಕಾರವೆಂದು ಅಂದಿನವರೆಗೆ ತಿಳಿದಿದ್ದೆ. ಆ ಅಂಗಳದಲ್ಲಿ ನಾನು ನಿಜವಾಗಿಯೂ ನೆಲವನ್ನು ನೋಡಿದೆ. ಅದು ಬಾಯಿ ಬಿಡಲಿಲ್ಲ. ಛತ್ರಿಯನ್ನು ಮುಖಕ್ಕೆ ಅಡ್ಡ ಹಿಡಿದೆ.

ಇಷ್ಟಕ್ಕೇ ಮುಗಿದಿದ್ದರೆ ಇದು ನಗೆಯ ಸಂಗತಿಯಾಗಿಯೇ ಉಳಿಯುತ್ತಿತ್ತು. ಆದರೆ ಆಯೇರಿಯ ಶಾಸ್ತ್ರ ಮೊದಲೇ ಹೇಳಿದೆನಲ್ಲ, ಪಕ್ಕದ ಮನೆಯವರು ಕೊಟ್ಟಲ್ಲಿ ನಾವು ಸುಮ್ಮನೆ ಕೂಡುವಂತಿಲ್ಲ. ಮಗ್ಗದ ಮನೆಯ ಮುದುಕಿ ಕೊಟ್ಟಳೆಂದರೆ ಕಿರಾಣಿ ಅಂಗಡಿಯವರು ಕಡಿಮೆಯೇ? ಅವರು ಕೊಟ್ಟರೆಂದರೆ ಅವರೆದುರು ಮನೆಯವರು? ತಮ್ಮ ಮಗುವೂ ಎ ಪ್ಲಸ್ಸೇ ತಾನೆ! ಆ ಹುಡುಗಿಯ ರಬಕವಿಯ ಕೋಣೆಗೆ ಸಂಜೆಯಾದರೆ ಹರಿವಾಣಗಳು ಬರತೊಡಗಿದವು. ಬೇಡವೆಂದರೆ ಕೊಟ್ಟವರಿಗೆ ಅವಮಾನ. ತೆಗೆದುಕೊಂಡರೆ ಅವಳಿಗೆ ಸಂಕಟ. ಮಂಚದ ಮೇಲೆ ಸೀರೆಗಳು ಮಲಗಿದವು, ಅವಳು ನೆಲದ ಮೇಲೆ ಮಲಗಿದಳು.

ಕೊಡಲಾರದ ಮನೆಗಳೂ ಇದ್ದವು. ಚಹಾದಂಗಡಿಯಲ್ಲಿ ಮಾತು ಹುಟ್ಟಿತು: "ಸೀರಿ ಕೊಟ್ರ ಎ ಪ್ಲಸ್ಸಂತಲೇ." ಅಂಕ ಮೊದಲು ಬಂದಿತ್ತು, ಸೀರೆ ಅನಂತರ, ಕಾಲಾನುಕ್ರಮ ಇಷ್ಟು ಸ್ಪಷ್ಟವಿದ್ದೂ ಯಾರೂ ಗಮನಿಸಲಿಲ್ಲ. ನಾನು ಅದನ್ನು ಚಹಾದಂಗಡಿಯಲ್ಲಿ ಸಪ್ರಮಾಣವಾಗಿ ವಿವರಿಸಿದೆ. ಎಲ್ಲವನ್ನೂ ಕೇಳಿಸಿಕೊಂಡ ಒಬ್ಬರು, "ಹಂಗಾರ ಮುಂದಿನ ಸಲದ್ದಕ್ಕ ಈಗ ಮುಂಗಡ ಕೊಟ್ಟಂಗ ಆತಲ್ಲರಿ?" ಎಂದರು. ಸಂಶೋಧನೆಯಿಂದ ಸತ್ಯಕ್ಕೆ ಇಷ್ಟೊಂದು ಹಾನಿಯಾದುದನ್ನು ನಾನು ಹಿಂದೆ ಕಂಡಿರಲಿಲ್ಲ.

ಆಡಳಿತ ಮಂಡಳಿಯ ಅಧ್ಯಕ್ಷರು ಪಾಲಕರ ಸಭೆ ಕರೆದರು. ಶಿಕ್ಷಕಿಯನ್ನು ಬಿಡಿಸುವುದೆಂದು ಮೊದಲೇ ಸುದ್ದಿಯಾಗಿತ್ತು. ಲಂಚದ ಅಪವಾದ ಹೊತ್ತು ಹೊರಬಿದ್ದವಳಿಗೆ ಮುಂದೆ ಯಾವ ಶಾಲೆಯ ಬಾಗಿಲು ತೆರೆದೀತು?

ಅಕ್ಕ ಫೋನಿನಲ್ಲಿ ಅಂದಳು: "ಬಾ. ಹುಡುಗಿ ಬಾಳೇಕ ನಾ ಬೆಂಕಿ ಹಚ್ಚೇನಿ. ಕಡ್ಡಿ ಕೊಟ್ಟಾಂವ ನೀ."

ಸಭೆಯಲ್ಲಿ ಶಿಕ್ಷಕಿ ಸೀರೆಗಳನ್ನೆಲ್ಲ ಎರಡು ಚೀಲಗಳಲ್ಲಿ ತುಂಬಿ ತಂದು ಮೇಜಿನ ಪಕ್ಕ ಇಟ್ಟುಕೊಂಡು ನಿಂತಿದ್ದಳು. ಒಂದನ್ನೂ ಉಟ್ಟಿರಲಿಲ್ಲ. ಕಿರಾಣಿ ಅಂಗಡಿಯವನು ಎಲ್ಲರಿಗಿಂತ ಮೊದಲು ಎದ್ದು, "ನಾವು ಫೀ ತುಂಬೂದು ಮಕ್ಕಳಿಗೆ ಅಕ್ಷರ ಕಲಸಾಕ್ರಿ, ಸೀರಿ ಅಂಗಡಿ ಇಡಾಕಲ್ಲ!" ಎಂದು ಗುಡುಗಿದ. ಅವನ ಮನೆಯಿಂದ ಬಂದ ಸೀರೆಯೇ ಚೀಲದಲ್ಲಿ ಎಲ್ಲಕ್ಕಿಂತ ಮೇಲಿತ್ತು.

ಅಧ್ಯಕ್ಷರು ಅಕ್ಕನನ್ನು ಕೇಳಿದರು: "ನಿಮ್ಮ ಹುಡುಗಗ ಎ ಪ್ಲಸ್ ಬಂತು, ನೀವು ಸೀರಿ ಕೊಟ್ರಿ. ಇದಕ್ಕ ಏನ ಅನಬೇಕ್ರಿ ಆಯಿ?"

ಅಕ್ಕ ಎದ್ದು ಸೀದಾ ಶಿಕ್ಷಕಿಯ ಮುಂದೆ ಹೋಗಿ ನಿಂತಳು.

"ಯವ್ವಾ, ಹೆದರಬ್ಯಾಡ. ನಮ್ಮ ಮಲ್ಲ್ಯಾಗ ಓದಾಕ ಬರತದೇನು?"

ಶಿಕ್ಷಕಿ ತಲೆ ತಗ್ಗಿಸಿದಳು. ಬರುತ್ತದೆಂದರೆ ಸುಳ್ಳು, ಬರುವುದಿಲ್ಲವೆಂದರೆ ಕಾರ್ಡು ಸುಳ್ಳು.

"ಅಕ್ಷರ ಗುರುತಸ್ತಾನ್ರಿ ಆಯಿ. ಕೂಡಿಸಿ ಓದಾಕ ಇನ್ನೂ ಬರಾಂಗಿಲ್ಲ."

"ಮತ್ತ ಎ ಪ್ಲಸ್ ಯಾಕ ಬರದಿ?"

ಅಧ್ಯಕ್ಷರು ಕೆಮ್ಮಿದರು. ಕಾರ್ಡಿನಲ್ಲಿ ಕಡಿಮೆ ಕಂಡರೆ ಮುಂದಿನ ವರ್ಷ ಮಕ್ಕಳು ಬೇರೆ ಶಾಲೆಗೆ ಹೋಗುತ್ತಾರೆಂದು ಅವರೇ ಹೇಳುತ್ತಿದ್ದರೆಂದು ಆಮೇಲೆ ತಿಳಿಯಿತು. ಶಿಕ್ಷಕಿ ಆ ಮಾತನ್ನು ಎತ್ತಲೇ ಇಲ್ಲ.

"ಮದಲನೇ ಕಿರುಪರೀಕ್ಷಾಕ್ಕ ನೋಟಬುಕ್ಕಿನೊಳಗ ನಾ ಖರೇನ ಬರದಿದ್ನಿರಿ. ಒಂದ ಹುಡುಗಿಗೆ ಬಿ ಹಾಕಿದ್ದೆ. ಸಿ ಸುದ್ದಾ ಅಲ್ಲ, ಬಿ. ಮರದಿವಸ ಆ ಕೂಸು ಸಾಲಿಗೆ ಬಂತು. ಬೆಂಚಿಗೆ ಬೆನ್ನ ಹಚ್ಚಿ ಕೂಡಾಕ ಆಗವಲ್ಲದು. ಯಾಕಂತ ನೋಡಿದ್ರ, ಅಂಗಿ ಒಳಗ ಬೆನ್ನ ತುಂಬ ಬಾಸುಂಡಿ." ಅವಳು ಕಣ್ಣೊರೆಸಿಕೊಂಡಳು. "'ಟೀಚರ್, ನನಗ ಬಿ ಬ್ಯಾಡರಿ' ಅಂತು. ಅವತ್ತಿನಿಂದ ನಾ ಯಾರಿಗೂ ಬಿ ಬರದಿಲ್ಲ."

ಹುಡುಗಿ ಯಾರೆಂದು ಅವಳು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಗುಡುಗಿ ನಿಂತಿದ್ದ ಕಿರಾಣಿ ಅಂಗಡಿಯವನು ಸದ್ದಿಲ್ಲದೆ ಕುಳಿತುಕೊಂಡು, ತನ್ನ ಅಂಗೈಯನ್ನೇ ನೋಡತೊಡಗಿದ. ಅವನೊಬ್ಬನೇ ಅಲ್ಲ, ಆ ಕೋಣೆಯಲ್ಲಿ ಕಣ್ಣು ತಗ್ಗಿಸಿದವರು ಬಹಳ ಜನ. ತರಗತಿಗೆ ತರಗತಿಯೇ ಮೊದಲನೆಯದಾಗಿದ್ದು ಹೇಗೆಂದು ನಮಗೆಲ್ಲ ಈಗ ಗೊತ್ತಾಯಿತು. ಕಾರ್ಡಿನ ಮೊಹರನ್ನು ಪರೀಕ್ಷಿಸಿ ಬೀಗಿದ್ದ ನಾನು, ಮೊಹರಿನ ಹಿಂದೆ ಒಂದು ಮಗುವಿನ ಬೆನ್ನಿದ್ದೀತೆಂದು ಊಹಿಸಿಯೂ ಇರಲಿಲ್ಲ. ಅಷ್ಟು ನಾಚಿಕೆಯನ್ನು ನಾನು ಯಾವ ವಿದ್ವತ್ಸಭೆಯಲ್ಲೂ ಅನುಭವಿಸಿಲ್ಲ.

ಅಕ್ಕ ಚೀಲದಿಂದ ತನ್ನ ಸೀರೆಯನ್ನು ಹುಡುಕಿ ತೆಗೆದಳು. ಮಡಿಕೆ ಬಿಚ್ಚಿ, ಅಳುತ್ತಿದ್ದ ಶಿಕ್ಷಕಿಯ ಹೆಗಲಿಗೆ ಮತ್ತೊಮ್ಮೆ ಹೊದೆಸಿದಳು.

"ಅವತ್ತ ನಂಬರಿಗಂತ ಕೊಟ್ಟೆ, ಅದು ತಪ್ಪ. ಇವತ್ತ ಹುಡುಗರ ಬೆನ್ನ ಕಾಯ್ದಿದ್ದಕ್ಕ ಕೊಡಾಕತ್ತೇನಿ. ಇದನ್ನ ಯಾವಾಂವ ಲಂಚ ಅಂತಾನ, ಎದ್ದ ನಿಂತು ಅನ್ನಲಿ!"

ಯಾರೂ ಏಳಲಿಲ್ಲ.

"ಇನ್ನ ಮುಂದ ಖರೇನ ಬರಿ. ಬಿ ಬಂದ್ರ ಬಿ, ಸಿ ಬಂದ್ರ ಸಿ. ಯಾವ ಮನ್ಯಾಗರ ಅದಕ್ಕ ಕೂಸಿಗೆ ಕೈ ಮಾಡಿದ್ರು ಅಂತ ನನ್ನ ಕಿವಿಗೆ ಬಿತ್ತೋ," ಎಂದು ಸಭೆಯತ್ತ ತಿರುಗಿದಳು, "ಅವರ ಮನಿ ಮುಂದ ಹಲಗಿ ಬಡಸ್ತೀನಿ! ಇಡೀ ದಿವಸ ಬಡಸ್ತೀನಿ!"

ಅವಳು ಬಡಿಸುವವಳೇ ಎಂಬುದು ಎಲ್ಲರಿಗೂ ಗೊತ್ತಿತ್ತು. ಅಧ್ಯಕ್ಷರು ಗಡಿಯಾರ ನೋಡಿ, ಸಭೆ ಮುಗಿದಿದೆ ಎಂದರು. ಶಿಕ್ಷಕಿಯ ಕೆಲಸ ಉಳಿಯಿತು. ಉಳಿದ ಸೀರೆಗಳನ್ನು ಅವಳು ಆಯಾ ಮನೆಗೆ ತಾನೇ ಹೋಗಿ ಮರಳಿಸಿದಳು; ಅಕ್ಕ ಜೊತೆಗಿದ್ದುದರಿಂದ ಯಾರಿಗೂ ಅವಮಾನವಾಗಲಿಲ್ಲ, ಅಥವಾ ಆಯಿತೆಂದು ಹೇಳುವ ಧೈರ್ಯವಾಗಲಿಲ್ಲ.

ವರ್ಷದ ಕೊನೆಗೆ ಮತ್ತೆ ಫೋನು ಬಂತು. ಹೋದೆ. ಮಗ್ಗಗಳು ನಿಂತವು. ಹೊಸ ಕಾರ್ಡು ನನ್ನ ಕೈಗೆ ಬಂತು. ಮಲ್ಲ್ಯಾ ಅಜ್ಜಿಯ ಮಗ್ಗುಲಿಗೆ ಅಂಟಿಕೊಂಡು ಕುಳಿತಿದ್ದ.

ಕನ್ನಡ ಓದುವಿಕೆಯ ಮುಂದೆ, ದುಂಡಗಿನ ಅಕ್ಷರದಲ್ಲಿ, ಸಿ ಎಂದು ಬರೆದಿತ್ತು.

ತಲೆಯೆತ್ತಿದೆ. ಹುಡುಗ ಕಾರ್ಡನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನು ನೋಡುತ್ತಿದ್ದ. ಉಸಿರು ಬಿಗಿಹಿಡಿದಿದ್ದ. ಶಿಲೆಯ ಮೇಲೆ ಅಳಿಸಿಹೋದ ಒಂದಕ್ಷರವನ್ನೂ ಊಹೆಯಿಂದ ತುಂಬಿದವನಲ್ಲ ನಾನು. ಇದ್ದದ್ದನ್ನು ಇದ್ದಂತೆ ಓದುವುದೇ ನನ್ನ ಬದುಕಾಗಿತ್ತು. ಆದರೂ ನಾಲಗೆಯ ತುದಿಗೆ ಎ ಪ್ಲಸ್ ಬಂದು ನಿಂತಿತ್ತು. ಕೇಳುವವಳಿಗೆ ಓದು ಬಾರದು. ಒಂದು ಮಾತು ಹೇಳಿಬಿಟ್ಟರೆ ಈ ಮಗು ಉಸಿರು ಬಿಡುತ್ತದೆ. ಆ ಶಿಕ್ಷಕಿ ಪ್ರತಿ ಕಾರ್ಡಿನ ಮುಂದೆಯೂ ಹೀಗೆಯೇ ಕುಳಿತಿದ್ದಳಲ್ಲವೇ?

ಅಕ್ಕ ನನ್ನನ್ನು ನೋಡಿದಳು. ಅಕ್ಷರ ಬಾರದಿದ್ದರೇನು, ನನ್ನ ಮುಖವನ್ನು ಅವಳು ಮೊದಲಿನಿಂದಲೂ ಓದಿದವಳು. ಅವಳ ಕೈ ಹುಡುಗನ ಬೆನ್ನ ಮೇಲೆ ಹೋಗಿ, ಅಲ್ಲಿಯೇ ಮೆಲ್ಲಗೆ ಆಡತೊಡಗಿತು.

"ಏನೈತಿ ಅದನ ಓದೋ ತಮ್ಮಾ," ಎಂದಳು. "ಇಲ್ಲೆ ಯಾರೂ ಹೊಡಿಯಾಂಗಿಲ್ಲ."